ಬೇಲಿಯೇ ಹೊಲ ಮೇಯ್ದಾಗ

ಜೋತುಬಿದ್ದ ಕಣ್ಣರೆಪ್ಪೆಯನ್ನು ಶಸ್ತ್ರಚಿಕಿತ್ಸೆಯಿಂದ ಎತ್ತಿಸಿಕೊಳ್ಳುವುದು ಶೋಕಿಯೇ? ಸಿನಿಮಾದವರ ಮುಖ ನೆನೆದು ನಾವು ಥಟ್ಟನೆ ಹೌದು ಎನ್ನುತ್ತೇವೆ. ಅದೇ ಉತ್ತರವನ್ನು ಹಿರೇಹಡಗಲಿಯ ಅಜ್ಜಿಗೂ ಕೊಡುತ್ತಿದ್ದೇವಲ್ಲ, ನನ್ನ ತಕರಾರು ಅಲ್ಲಿದೆ.

ಹಡಗಲಿ ಸೀಮೆ ಎಂದರೆ ಮಲ್ಲಿಗೆ. ಮೊಗ್ಗು ಬಿಡಿಸುವುದು, ಮಾಲೆ ಕಟ್ಟುವುದು ಎರಡೂ ಕಣ್ಣಿನ ಕೆಲಸ. ವಯಸ್ಸಾದಂತೆ ರೆಪ್ಪೆ ಎತ್ತುವ ಸ್ನಾಯುವಿನ ಹಿಡಿತ ಸಡಿಲವಾಗುತ್ತದೆ, ಮೇಲಿನ ಚರ್ಮ ಮಡಿಕೆಯಾಗಿ ಜಾರುತ್ತದೆ, ಹುಬ್ಬೂ ಇಳಿಯುತ್ತದೆ. ಪಾಪೆಯ ಮೇಲೆ ಪರದೆ ಬಿದ್ದಂತಾಗಿ ಮೇಲಿನ ನೋಟ ಮುಚ್ಚಿಹೋಗುತ್ತದೆ. ತಲೆ ಬಗ್ಗಿಸಿ ಹೂ ಕಟ್ಟುವಾಗ ಕೆಲವರಿಗೆ ಇನ್ನೂ ಕಷ್ಟ. ಹಣೆ ಸುಕ್ಕುಮಾಡಿ, ಹುಬ್ಬು ಏರಿಸಿ ದಿನವಿಡೀ ನೋಡಿದವರಿಗೆ ಸಂಜೆ ಹಣೆ ನೋಯುತ್ತದೆ. ಕಣ್ಣನ್ನು ಕಾಯಬೇಕಾದ ರೆಪ್ಪೆಯೇ ಕಣ್ಣನ್ನು ಮುಚ್ಚುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮನೆಯವರು ಮಾತ್ರ ‘ವಯಸ್ಸಾತು, ಇನ್ನೇನು’ ಎಂದು ಸುಮ್ಮನಾಗುತ್ತಾರೆ.

ಇದಕ್ಕೆ ದಾರಿಗಳಿವೆ. ಸ್ನಾಯು ಸಡಿಲಾಗಿದ್ದರೆ ಅದನ್ನು ಬಿಗಿಮಾಡಿ ಹೊಲಿಯುತ್ತಾರೆ. ಚರ್ಮ ಹೆಚ್ಚಾಗಿದ್ದರೆ ಹೆಚ್ಚಾದಷ್ಟನ್ನು ಕತ್ತರಿಸುತ್ತಾರೆ, ಇದೇ ಬ್ಲೆಫರೋಪ್ಲಾಸ್ಟಿ. ಹುಬ್ಬು ಇಳಿದಿದ್ದರೆ ಹುಬ್ಬನ್ನೇ ಎತ್ತುತ್ತಾರೆ. ದೊಡ್ಡವರಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಅಂದೇ ಮನೆಗೆ ಕಳಿಸುತ್ತಾರೆ.

ಆದರೆ ಕಾಗದ ಏನನ್ನುತ್ತದೆ? 2017ರ ಜಿಎಸ್‌ಟಿ ಅಧಿಸೂಚನೆಯಂತೆ ಆರೋಗ್ಯ ಸೇವೆಗೆ ತೆರಿಗೆ ಇಲ್ಲ, ಸೌಂದರ್ಯ ಶಸ್ತ್ರಚಿಕಿತ್ಸೆಗೆ ಉಂಟು. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ವೈಪರೀತ್ಯ ಅಥವಾ ಗಾಯದಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ಮಾತ್ರ ವಿನಾಯಿತಿ. ಮುಪ್ಪು ಆ ಪಟ್ಟಿಯಲ್ಲಿಲ್ಲ. ಆರೋಗ್ಯ ವಿಮೆಯ ಷರತ್ತು ಇನ್ನೂ ಬಿಗಿ: ಅಪಘಾತ, ಸುಟ್ಟಗಾಯ, ಕ್ಯಾನ್ಸರ್, ಇಲ್ಲವೇ ತಕ್ಷಣದ ಅಪಾಯವಿದೆಯೆಂದು ವೈದ್ಯರು ಬರೆದುಕೊಡಬೇಕು. ವರ್ಷಗಟ್ಟಲೆ ನಿಧಾನವಾಗಿ ಇಳಿದ ರೆಪ್ಪೆಯಲ್ಲಿ ‘ತಕ್ಷಣ’ವನ್ನು ಎಲ್ಲಿಂದ ತರುವುದು? ಕಣ್ಣಿನ ಪೊರೆಯೂ ಮುಪ್ಪಿನದೇ. ಅದನ್ನು ತೆಗೆಸುವುದನ್ನು ಯಾರೂ ಅಲಂಕಾರ ಎನ್ನುವುದಿಲ್ಲ.

ನಗರದ ಕ್ಲಿನಿಕ್‌ಗಳ ಪರ ವಾದಿಸಲು ನಾನು ಬಂದಿಲ್ಲ. ‘ಹತ್ತು ವರ್ಷ ಚಿಕ್ಕವರಾಗಿ’ ಎಂದು ಮಾರುವವರೇ ಈ ಚಿಕಿತ್ಸೆಗೆ ಶೋಕಿಯ ಹೆಸರು ತಂದವರು. ಇಳಿದದ್ದು ಹುಬ್ಬಾಗಿದ್ದು ರೆಪ್ಪೆಯ ಚರ್ಮವನ್ನಷ್ಟೇ ಕತ್ತರಿಸಿದರೆ ಹುಬ್ಬು ಇನ್ನಷ್ಟು ಕೆಳಗೆ ಬರಬಹುದು. ಅತಿಯಾಗಿ ಕತ್ತರಿಸಿದರೆ ಕಣ್ಣು ಪೂರ್ತಿ ಮುಚ್ಚದೆ ಒಣಗುತ್ತದೆ. ರೆಪ್ಪೆ ಏಕಾಏಕಿ ಇಳಿದು, ಒಂದು ವಸ್ತು ಎರಡಾಗಿ ಕಂಡರೆ ಅಥವಾ ಒಂದು ಪಾಪೆ ದೊಡ್ಡದಾದರೆ ಅದು ಮಿದುಳಿನ ರಕ್ತನಾಳದ ತೊಂದರೆಯೂ ಇರಬಹುದು. ಆಗ ಓಡಬೇಕಾದದ್ದು ದೊಡ್ಡ ಆಸ್ಪತ್ರೆಗೆ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜೋತರೆ ನರ-ಸ್ನಾಯುಗಳ ಕಾಯಿಲೆಯಿದೆಯೇ ಎಂದು ನೋಡಬೇಕು. ಇದನ್ನೆಲ್ಲ ಬೇರ್ಪಡಿಸಿ ಹೇಳಬೇಕಾದವರು ಕಣ್ಣಿನ ವೈದ್ಯರು, ಜಾಹೀರಾತಲ್ಲ.

ಮಕ್ಕಳ ವಿಷಯದಲ್ಲಂತೂ ತಡ ಸಲ್ಲದು. ಹುಟ್ಟಿನಿಂದ ರೆಪ್ಪೆ ಇಳಿದ ಮಗು ಗದ್ದ ಎತ್ತಿ ನೋಡುತ್ತದೆ. ನಾವು ‘ಎಷ್ಟು ಸೊಕ್ಕು’ ಎಂದು ನಗುತ್ತೇವೆ. ಪಾಪೆ ಮುಚ್ಚಿಯೇ ಇದ್ದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ದೊಡ್ಡದಾದ ಮೇಲೆ ರೆಪ್ಪೆ ಎತ್ತಿಸಿದರೆ ಮುಖ ಸರಿಹೋದೀತು, ಕಳೆದ ದೃಷ್ಟಿ ಮರಳುವುದು ಕಷ್ಟ.

ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ಪೊರೆ ತೆಗೆದರು. ‘ಮುದುಕರಿಗ್ಯಾಕೆ ಕಣ್ಣು’ ಎಂದು ಅವರು ಕೇಳಲಿಲ್ಲ. ಅವರು ಬೆಳೆಸಿದ ನೇತ್ರ ಶಿಬಿರದ ಪರಂಪರೆ ಇನ್ನೊಂದು ಹೆಜ್ಜೆ ಇಡಲಿ: ಪೊರೆ ನೋಡುವ ಟಾರ್ಚು ರೆಪ್ಪೆ ಎಲ್ಲಿ ನಿಂತಿದೆ ಎಂಬುದನ್ನೂ ನೋಡಲಿ. ನೋಟಕ್ಕೆ ಅಡ್ಡ ಬಂದ ರೆಪ್ಪೆಯನ್ನು ಎತ್ತುವುದು ಚಿಕಿತ್ಸೆ ಎಂದು ಸರ್ಕಾರ, ವಿಮಾ ಕಂಪನಿ ಎರಡೂ ಸ್ಪಷ್ಟವಾಗಿ ಬರೆಯಲಿ, ಮುಪ್ಪಿನ ಕಾರಣವನ್ನೂ ಸೇರಿಸಿ. ಕನ್ನಡಿಗಾಗಿ ಮಾಡಿಸಿಕೊಳ್ಳುವವರು ತೆರಿಗೆ ಕಟ್ಟಲಿ. ಮೊಗ್ಗು ಕಾಣಲೆಂದು ಮಾಡಿಸಿಕೊಳ್ಳುವವರಿಂದ ಅದನ್ನು ಕೇಳುವುದು ಅನ್ಯಾಯ.