ಊರು ಕಟ್ಟಿದ ಮಾರುಕಟ್ಟೆ ಯಾರ ಪಾಲು?

ಬರ್ಲಿನ್ ನಗರದ ಕ್ರೊಯ್ಟ್ಸ್‌ಬರ್ಗ್ ದುಡಿಯುವವರ ಕೇರಿ. ತುರ್ಕಿಯಿಂದ ಕೂಲಿಗೆ ಬಂದ ಸಾವಿರಾರು ಕುಟುಂಬಗಳು ನೆಲೆ ನಿಂತದ್ದೂ ಅಲ್ಲೇ. ಅಲ್ಲಿ ಸೂರು ಹೊದಿಸಿದ ದೊಡ್ಡ ಮಾರುಕಟ್ಟೆಯೊಂದಿದೆ. ಹೆಸರು ಮಾರ್ಕ್ಟ್‌ಹಾಲೆ ನೊಯ್ನ್, ಎಂದರೆ ಒಂಬತ್ತನೆಯ ಮಾರುಕಟ್ಟೆ. ಇದನ್ನು ಕಟ್ಟಿಸಿದ್ದು ಸಾಹುಕಾರನಲ್ಲ, ನಗರಸಭೆ. ಊರಿನ ಜನಕ್ಕೆ ಶುಚಿಯಾದ ಆಹಾರ ಸಿಗಲೆಂದು ಕಟ್ಟಿಸಿದ 14 ಮಾರುಕಟ್ಟೆಗಳಲ್ಲಿ ಇದೂ ಒಂದು, ತೆರೆದದ್ದು 1891ರಲ್ಲಿ.

ನೂರು ವರ್ಷ ದಾಟಿದ ಮೇಲೆ ಅದನ್ನು ಹೆಚ್ಚು ಬೆಲೆ ಕೂಗಿದವನಿಗೆ ಮಾರುವ ಮಾತು ಬಂತು. ಕೇರಿಯ ಜನ ಎದ್ದು ನಿಂತರು. ಕೊನೆಗೆ, ಸಣ್ಣ ಮಳಿಗೆಗಳ ಪೇಟೆಯನ್ನೇ ಮತ್ತೆ ನಡೆಸುತ್ತೇವೆಂದ ಮೂವರ ಕೈಗೆ ಅದು ಹೋಯಿತು. 2011ರ ಅಕ್ಟೋಬರ್ 1ರಂದು, 120 ವರ್ಷ ತುಂಬಿದ ದಿನ, ಬಾಗಿಲು ತೆರೆಯಿತು. ಜನ ಗೆದ್ದರು!

ಗೆದ್ದರೇ? 2013ರಿಂದ ಗುರುವಾರದ ಸಂಜೆ ದೇಶದೇಶದ ತಿಂಡಿಯ ಸಂತೆ ನೆರೆಯತೊಡಗಿತು. ದೂರದಿಂದ ಪ್ರವಾಸಿಗರು ಬಂದರು. ರೊಟ್ಟಿ ಒಳ್ಳೆಯದು, ಗಿಣ್ಣು ಒಳ್ಳೆಯದು. ಮಾಡಿ ಮಾರುವವರೂ ಕಷ್ಟಜೀವಿಗಳೇ. ಅವರ ಮೇಲೆ ನಮಗೆ ಹಗೆಯಿಲ್ಲ. ಆದರೆ ಪಕ್ಕದ ಬೀದಿಯ ಕೂಲಿಕಾರಳು ದಿನದ ಸಾಮಾನು ಕೊಳ್ಳುತ್ತಿದ್ದದ್ದು ಅದೇ ಸೂರಿನಡಿ ಇದ್ದ ಆಲ್ಡಿ ಎಂಬ ಅಗ್ಗದ ಅಂಗಡಿಯಲ್ಲಿ. 2019ರಲ್ಲಿ ಅದನ್ನು ಬಿಡಿಸಿ, ಸಾಬೂನು, ಸೌಂದರ್ಯ ಸಾಮಗ್ರಿ ಮಾರುವ ಡಿಎಂ ಅಂಗಡಿಯನ್ನು ತರಲು ಹೊರಟರು. ಜನ ಮತ್ತೆ ಬೀದಿಗಿಳಿದರು.

ಸಣ್ಣ ವ್ಯಾಪಾರಿ ಬಂಧುಗಳು ಕೇಳಬಹುದು: ಆಲ್ಡಿ ದೈತ್ಯ ಕಂಪನಿಯಲ್ಲವೇ? ಅದರ ಪರ ಸಮಾಜವಾದಿಗಳು ಮಾತಾಡುವುದೇ? ನಿಜ, ಅದು ಕಿರಾಣಿ ಅಂಗಡಿಗಳನ್ನು ನುಂಗಿ ಬೆಳೆದ ಕಂಪನಿ. ನಾವು ಅದರ ಪರವಲ್ಲ. ಆದರೆ ಬಡವರ ಊಟಕ್ಕೆಂದು ಊರು ಕಟ್ಟಿದ ಮನೆಯೊಳಗೆ ಬಡವರಿಗೆ ಉಳಿದ ಆಸರೆ ಅದೊಂದೇ ಎಂದಾದರೆ, ನಾಚಿಕೆ ಯಾರಿಗೆ? ಕೊಳ್ಳುವವಳಿಗಲ್ಲ; ಮಾರುಕಟ್ಟೆಯನ್ನು ಕೈಬಿಟ್ಟ ನಗರಾಡಳಿತಕ್ಕೆ!

ಒಳ್ಳೆಯವರ ಕೈಗೆ ಕೊಟ್ಟರೆ ಸಾಕೆಂದು ನಂಬಿದ್ದೇ ತಪ್ಪು. ಒಡೆತನ ಕೈಬಿಟ್ಟ ಮೇಲೆ ಮಾತಿನ ಭರವಸೆಗೆ ಬೆಲೆ ಎಲ್ಲಿ? ಮಾರುಕಟ್ಟೆ ಪೌರಸಭೆಯದೇ ಆಗಿರಬೇಕು. ತರಕಾರಿ, ಬೇಳೆ, ರೊಟ್ಟಿ ಮಾರುವವನಿಗೆ ಬಾಡಿಗೆ ಕಡಿಮೆ ಇರಬೇಕು; ಆಗಲೇ ಸಣ್ಣ ವ್ಯಾಪಾರಿಯೂ ಬದುಕಿಯಾನು, ಕೂಲಿಕಾರನೂ ಕೊಂಡಾನು. ಯಾವ ಮಳಿಗೆ ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಕೇರಿಯವರನ್ನು ಕೇಳಿಯೇ ತೀರ್ಮಾನಿಸಬೇಕು.

ಇಬ್ಬರ ಹಿತವೂ ಒಂದೇ. ಇದನ್ನು ಮರೆತ ಊರಿನಲ್ಲಿ ಪೇಟೆ ಉಳಿದೀತು, ಜನ ಉಳಿಯರು.