ನಾಗಪುರದ ಆಕಾಶದಲ್ಲಿ ಕನ್ನಡ ಇದೆ, ಲಾರಿಯಲ್ಲಿಲ್ಲ

ನಾಗಪುರದ ವಾಡಿ ಎಂದರೆ ಕಲಬುರಗಿಯ ವಾಡಿ ಜಂಕ್ಷನ್ ಅಲ್ಲ. ಅಮರಾವತಿ ರಸ್ತೆಯಲ್ಲಿ ಊರು ಮುಗಿಯುವ ಕಡೆ ಗೋದಾಮು, ಟ್ರಾನ್ಸ್‌ಪೋರ್ಟ್ ಕಚೇರಿ, ಪಂಕ್ಚರ್ ಅಂಗಡಿ, ಢಾಬಾಗಳು ಒಟ್ಟೊಟ್ಟಿಗೆ ಬೆಳೆದು ನಿಂತ ಜಾಗ ಅದು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ಹೆದ್ದಾರಿಯೂ ಗುಜರಾತಿನಿಂದ ಒಡಿಶಾಗೆ ಹೋಗುವ 53ನೇ ಹೆದ್ದಾರಿಯೂ ನಾಗಪುರದಲ್ಲಿ ಕೂಡುತ್ತವೆ. ಹಾಗಾಗಿ ಕೆಎ ನಂಬರಿನ ಲಾರಿಗಳು ಇಲ್ಲಿಗೆ ಬರುತ್ತವೆ, ಮಾಲು ಇಳಿಸುತ್ತವೆ, ವಾಪಸ್ ಲೋಡಿಗೆ ಕಾಯುತ್ತವೆ. ಒಂದು ದಿನ, ಎರಡು ದಿನ, ಕೆಲವೊಮ್ಮೆ ವಾರ. ಅಷ್ಟು ದಿನ ಡ್ರೈವರಿಗೂ ಕ್ಲೀನರಿಗೂ ಕ್ಯಾಬಿನ್ನೇ ಮನೆ. ಸೀಟಿನ ಹಿಂದೆ ಹಾಸಿಗೆ, ಕೆಳಗೆ ಸಣ್ಣ ಸ್ಟೌ, ಬಾಗಿಲಿಗೆ ಒಣಹಾಕಿದ ಲುಂಗಿ.

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಹಾಸಿಗೆ, ಅಡುಗೆಮನೆ, ಶೌಚಾಲಯ ಇರುವ ವಾಹನ, ಅದನ್ನು ನಿಲ್ಲಿಸಲು ಸಜ್ಜಾದ ತಾಣ. ಒಳ್ಳೆಯದೇ. ಆದರೆ ಗಾಲಿಯ ಮೇಲಿನ ಮನೆ ಎಂದ ಕೂಡಲೇ ನೀತಿ ಬರೆಯುವವರ ಕಣ್ಣಿಗೆ ಕಾಣುವುದು ರಜೆಗೆ ಹೊರಟ ಕುಟುಂಬ ಮಾತ್ರ. ಈ ದೇಶದ ಬಹುಪಾಲು ಮೋಟಾರ್‌ಹೋಮ್‌ಗಳು ಸಿಮೆಂಟು, ಮೆಣಸಿನಕಾಯಿ, ಟೈಲ್ಸ್ ಹೊತ್ತು ಓಡಾಡುತ್ತಿವೆ. ಅವುಗಳಲ್ಲಿ ವಾಸವಿರುವವರಿಗೆ ಸಂಜೆ ಎಂಟು ಗಂಟೆಗೆ ಏನು ಬೇಕಾಗುತ್ತದೆ ಎಂದು ಯಾವ ನೀತಿಯೂ ಕೇಳಿಲ್ಲ. ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗುವುದಕ್ಕೇ 2025ರ ಅಕ್ಟೋಬರ್ ಬರಬೇಕಾಯಿತು. ಅದೂ ಹೊಸದಾಗಿ ತಯಾರಾಗುವ ಗಾಡಿಗಳಿಗೆ.

ಸಂಜೆ ಎಂಟಕ್ಕೆ ಬೇಕಾಗುವ ಸಂಗತಿಗಳಲ್ಲಿ ಟಿವಿ ಒಂದು. ಓಡುವ ಗಾಡಿಯಲ್ಲಿ ಡ್ರೈವರ್ ಟಿವಿ ನೋಡಲಿ ಎಂದು ಯಾರೂ ಕೇಳುತ್ತಿಲ್ಲ. ಮಾತು ನಿಂತ ಗಾಡಿಯದು. ನಿಂತ ಗಾಡಿಯಲ್ಲಿ ಕನ್ನಡ ಟಿವಿ ಹಿಡಿಯುವುದು ತಾಂತ್ರಿಕವಾಗಿ ಎಷ್ಟು ಸುಲಭ, ವ್ಯವಸ್ಥೆ ಅದನ್ನು ಎಷ್ಟು ಕಷ್ಟ ಮಾಡಿಟ್ಟಿದೆ ಎಂಬುದು ಇಲ್ಲಿನ ತಕರಾರು.

ಮೊದಲು ಸುಲಭದ ಭಾಗ. ದೂರದರ್ಶನದ ಡಿಡಿ ಫ್ರೀ ಡಿಶ್ ಸೇವೆ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಸಮಭಾಜಕದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಅದು ನಿಂತಿದೆ. ಬೆಂಗಳೂರಿನಿಂದ ನೋಡಿದರೆ ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 128 ಡಿಗ್ರಿಯ ದಿಕ್ಕು, ನೆಲದಿಂದ 66 ಡಿಗ್ರಿ ಎತ್ತರ. ನಾಗಪುರದಿಂದ ಅದೇ ಉಪಗ್ರಹ ಸುಮಾರು 144 ಡಿಗ್ರಿಯ ದಿಕ್ಕಿನಲ್ಲಿ, 60 ಡಿಗ್ರಿ ಎತ್ತರದಲ್ಲಿದೆ. ಅಂದರೆ ಸುಮಾರು 1,100 ಕಿ.ಮೀ. ಓಡಿದ ಮೇಲೆ ಡಿಶ್ಶನ್ನು 16 ಡಿಗ್ರಿ ದಕ್ಷಿಣಕ್ಕೆ ತಿರುಗಿಸಿ, 6 ಡಿಗ್ರಿ ಬಗ್ಗಿಸಿ, ಮುಂದಿನ ಎಲ್‌ಎನ್‌ಬಿಯನ್ನು ಒಂದಿಷ್ಟು ಹೊರಳಿಸಿದರೆ ಮುಗಿಯಿತು. ಫೋನಿನ ದಿಕ್ಸೂಚಿ ಸಾಕು. ಅರವತ್ತು ಸೆಂಟಿಮೀಟರಿನ ಡಿಶ್ ಒಂದೆರಡು ಡಿಗ್ರಿಗಿಂತ ಹೆಚ್ಚು ತಪ್ಪನ್ನು ಸಹಿಸುವುದಿಲ್ಲ, ಅಷ್ಟೇ. ಪರದೆಯ ಮೇಲೆ ‘ಸ್ಟ್ರೆಂಥ್’ ಎಂಬ ಪಟ್ಟಿ ತುಂಬಿದ್ದನ್ನು ಕಂಡು ಹಿಗ್ಗಬಾರದು. ಅದು ಡಿಶ್ಶಿಗೆ ತಂತಿ ಸೇರಿದೆ ಎನ್ನುವುದಕ್ಕಿಂತ ಹೆಚ್ಚೇನನ್ನೂ ಹೇಳದು. ‘ಕ್ವಾಲಿಟಿ’ ಪಟ್ಟಿ ಏರಿದಾಗ ಮಾತ್ರ ಉಪಗ್ರಹ ಸಿಕ್ಕಿದೆ ಎಂದರ್ಥ.

ಇಷ್ಟು ಎತ್ತರದ ಕೋನಕ್ಕೆ ಪಕ್ಕದಲ್ಲಿ ನಿಂತ ಕಂಟೇನರ್ ಗಾಡಿ ಅಡ್ಡ ಬರುವುದು ಕಡಿಮೆ. ಅಡ್ಡ ಬರುವುದು ಮರ. ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಆಗ ಬೇವಿನ ನೆರಳಿನಲ್ಲಿ ಗಾಡಿ ಹಾಕಿದವನಿಗೆ ಸಿಗ್ನಲ್ ಇಲ್ಲ, ಸಿಗ್ನಲ್ ಇರುವವನಿಗೆ ನೆರಳಿಲ್ಲ. ಇನ್ನು ವಿದ್ಯುತ್ತು: ದೊಡ್ಡ ಲಾರಿಯ ಬ್ಯಾಟರಿ 24 ವೋಲ್ಟ್, ಸೆಟ್‌ಟಾಪ್ ಬಾಕ್ಸೂ ಸಣ್ಣ ಎಲ್‌ಇಡಿ ಟಿವಿಯೂ ಸಾಮಾನ್ಯವಾಗಿ 12 ವೋಲ್ಟ್. ನಡುವೆ ಒಂದು ಕನ್ವರ್ಟರ್ ಬೇಕು. ಯಾವ ಆಟೋ ಎಲೆಕ್ಟ್ರಿಷಿಯನ್ ಬೇಕಾದರೂ ಅರ್ಧ ಗಂಟೆಯಲ್ಲಿ ಕೂರಿಸಿಕೊಡುತ್ತಾನೆ.

ಇಷ್ಟೆಲ್ಲ ಮಾಡಿ ಕೂತರೆ ಸಿಗುವುದೇನು? ಹಿಂದಿ, ಇನ್ನಷ್ಟು ಹಿಂದಿ, ಭೋಜ್‌ಪುರಿ, ಭಜನೆ, ಸುದ್ದಿಯೆಂಬ ಹೆಸರಿನ ಕೂಗಾಟ. ಕನ್ನಡಕ್ಕೆ ಮುಖ್ಯವಾಗಿ ಒಂದು ಚಂದನ. ಚಂದನವನ್ನು ಹಗುರಾಗಿ ಕಾಣಬೇಕಿಲ್ಲ. 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ ಮುಂದೆ ಎಷ್ಟೋ ಮನೆರಂಜನೆ ಸಪ್ಪೆ. ಆದರೆ ಒಂದು ವಾಹಿನಿ ಒಂದೇ ವಾಹಿನಿ. ಫ್ರೀ ಡಿಶ್ಶಿನ ಖಾಸಗಿ ಜಾಗಗಳನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ. ಹಿಂದಿ ಮಾರುಕಟ್ಟೆಯ ಜಾಹೀರಾತು ದೊಡ್ಡದು, ಹಾಗಾಗಿ ಹಿಂದಿ ವಾಹಿನಿಗಳ ಕೂಗು ದೊಡ್ಡದು. ಕನ್ನಡದ ದೊಡ್ಡ ಮನರಂಜನಾ ವಾಹಿನಿಗಳಿಗೆ ಚಂದಾ ಹಣದ ಆದಾಯವಿದೆ, ಬಿಟ್ಟಿಯಾಗಿ ಕಾಣಿಸಿಕೊಳ್ಳುವ ಆಸೆ ಅವಕ್ಕೇಕೆ? ವ್ಯಾಪಾರದ ಲೆಕ್ಕದಲ್ಲಿ ಯಾರ ತಪ್ಪೂ ಇಲ್ಲ. ಆದರೆ ಪ್ರಸಾರ ಭಾರತಿ ವ್ಯಾಪಾರದ ಕಂಪನಿಯಲ್ಲ. ಸಾರ್ವಜನಿಕ ಉಪಗ್ರಹದ ಜಾಗವನ್ನು ಎಂಟನೇ ಪರಿಚ್ಛೇದದ ಭಾಷೆಗಳಿಗೆ ಹಂಚುವಾಗ ಹರಾಜಿನ ಸುತ್ತಿಗೆಯೇ ತೀರ್ಪುಗಾರನಾದರೆ, ಹೆಚ್ಚು ದುಡ್ಡಿರುವ ಭಾಷೆಯೇ ರಾಷ್ಟ್ರಭಾಷೆ ಎಂದು ಸುತ್ತುಬಳಸಿ ಒಪ್ಪಿಕೊಂಡಂತೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ದುಡ್ಡು ಕೊಟ್ಟು ನೋಡಲಿ, ಯಾರು ಬೇಡ ಅಂದರು? ಖರೆ. ಭಾರತದ ಡಿಟಿಎಚ್ ಕಂಪನಿಗಳ ಕಿರಣ ಇಡೀ ದೇಶದ ಮೇಲೆ ಬೀಳುತ್ತದೆ, ರಾಜ್ಯಕ್ಕೊಂದರಂತೆ ಅಲ್ಲ. ಬೀದರಿನ ಮಾಳಿಗೆಯ ಮೇಲೆ ಬೀಳುವ ಕನ್ನಡವೇ ವಾಡಿಯ ಲಾರಿಯ ಮೇಲೂ ಬೀಳುತ್ತಿದೆ. 2019ರ ಫೆಬ್ರವರಿಯಿಂದ ಜಾರಿಯಾದ ಟ್ರಾಯ್ ನಿಯಮದ ಪ್ರಕಾರ ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ಒಳ್ಳೆಯ ನಿಯಮ. ಆದರೆ ಅದರ ಮೊದಲ ಸಾಲಿನಲ್ಲಿದ್ದದ್ದು ತಿಂಗಳಿಗೆ 130 ರೂಪಾಯಿಯ ಸಂಪರ್ಕ ಶುಲ್ಕ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ವಾಹಿನಿಗಳ ಬೆಲೆ. ಊರಿನ ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಒಂದು ಸಂಪರ್ಕ, ಗಾಡಿಗೆ ಇನ್ನೊಂದು. ಡಿಟಿಎಚ್ ಸಂಪರ್ಕವನ್ನು ಕೊಡುವುದು ವಿಳಾಸಕ್ಕೆ. ವಿಳಾಸದಿಂದ ವಿಳಾಸಕ್ಕೆ ಓಡಾಡುವುದೇ ಕೆಲಸವಾದವನಿಗೆ ಒಂದೇ ಚಂದಾದಲ್ಲಿ ಮನೆಯೂ ಗಾಡಿಯೂ ನಡೆಯುವ ಏರ್ಪಾಡನ್ನು ನಿಯಂತ್ರಕರು ಯೋಚಿಸಿದ್ದರೆ ಅದು ಇಷ್ಟು ವರ್ಷಗಳಲ್ಲಿ ಎಲ್ಲಾದರೂ ಕಾಣಬೇಕಿತ್ತು.

ಎರಡನೆಯ ಆಕ್ಷೇಪ ಇನ್ನೂ ಜೋರಾಗಿ ಬರುತ್ತದೆ: ಮೊಬೈಲ್ ಇರುವಾಗ ಟಿವಿ ಯಾಕೆ? ಇದನ್ನು ಹೇಳುವವರು ಸಾಮಾನ್ಯವಾಗಿ ವೈ-ಫೈ ಇರುವ ಕೋಣೆಯಲ್ಲಿ ಕೂತಿರುತ್ತಾರೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವವನು ಲೋಡಿನ ದಾರಿ ನೋಡಲು ಮ್ಯಾಪು, ಬಾಡಿಗೆ ಪೇಮೆಂಟು, ಮನೆಗೆ ವಿಡಿಯೋ ಕಾಲ್ ಮುಗಿಸಿ ಉಳಿದದ್ದರಲ್ಲಿ ಎಷ್ಟು ಹೊತ್ತು ನೋಡಿಯಾನು? ನಾಗಪುರದಿಂದ ಸಿವನಿ ಕಡೆ ಹೊರಟರೆ ಪೆಂಚ್ ಕಾಡು. ಅಲ್ಲಿ ಹುಲಿ, ಜಿಂಕೆಗಳು ದಾಟಲೆಂದು ಹೆದ್ದಾರಿಯನ್ನೇ ಎತ್ತರಿಸಿ ಕಟ್ಟಿದ್ದಾರೆ. ಸೊಗಸಾದ ಕೆಲಸ, ಮೆಚ್ಚಬೇಕು. ಆದರೆ ಅಂಥ ದಾರಿಗಳಲ್ಲಿ ಮೊಬೈಲ್ ಟವರನ್ನು ನಂಬಿ ಕೂರುವಂತಿಲ್ಲ, ಉಪಗ್ರಹ ಮಾತ್ರ ಅಲ್ಲೂ ಅಲ್ಲಿಯೇ ಇರುತ್ತದೆ. ಮುಖ್ಯ ವ್ಯತ್ಯಾಸ ಬೇರೆಯೇ: ಇಂಟರ್ನೆಟ್‌ನಲ್ಲಿ ಪ್ರತಿ ನೋಡುಗನಿಗೂ ಪ್ರತ್ಯೇಕ ಖರ್ಚು, ಪ್ರಸಾರದಲ್ಲಿ ಸಾವಿರ ಜನ ನೋಡಿದರೂ ಕೋಟಿ ಜನ ನೋಡಿದರೂ ಕಳಿಸುವ ಖರ್ಚು ಒಂದೇ. ಹಾಗಿರುವಾಗ ನಾಗಪುರದ ಕನ್ನಡಿಗನಿಗೆ ಕನ್ನಡ ಸಿಗದಿರುವುದಕ್ಕೆ ‘ಖರ್ಚು’ ಎಂಬ ಕಾರಣ ನಿಲ್ಲುವುದಿಲ್ಲ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ತಂದ ‘ವೇವ್ಸ್’ ಆ್ಯಪಿಗೂ ಇದೇ ಮಾತು. ಆ್ಯಪ್ ಬಿಟ್ಟಿ, ಡೇಟಾ ಬಿಟ್ಟಿಯಲ್ಲ.

ಇದೆಲ್ಲ ಧಾರಾವಾಹಿಗಾಗಿ ಹೂಡಿದ ಜಗಳ ಎಂದು ಅನ್ನಿಸಿದರೆ 2024ರ ಜನವರಿ 1 ಮತ್ತು 2ನ್ನು ನೆನೆಯಬೇಕು. ಭಾರತೀಯ ನ್ಯಾಯ ಸಂಹಿತೆಯ 106(2) ಕಲಮಿನಲ್ಲಿ, ಅಪಘಾತದ ಮೇಲೆ ಪೊಲೀಸರಿಗೆ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಎಂದಿತ್ತು. ದೇಶದ ಹಲವೆಡೆ ಚಾಲಕರು ಗಾಡಿ ನಿಲ್ಲಿಸಿದರು, ನಾಗಪುರದ ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಟ್ಟಿತು. ಎರಡನೇ ದಿನ ರಾತ್ರಿ, ಸಾಗಣೆದಾರರ ಸಂಘಟನೆಯ ಜೊತೆ ಮಾತಾಡಿದ ಮೇಲಷ್ಟೇ ಆ ಕಲಮು ಜಾರಿಗೆ ಬರುತ್ತದೆ ಎಂದು ಕೇಂದ್ರ ಸರ್ಕಾರ ಹೇಳಿತು. ಕಾನೂನು ಯಾರ ಮೇಲೆ ಬಂದಿತ್ತು? ರಸ್ತೆಯಲ್ಲಿ ಇದ್ದವರ ಮೇಲೆ. ‘ಓಡಿಹೋದರೆ’ ಎಂಬುದಕ್ಕೂ ‘ಪೊಲೀಸರಿಗೆ ತಿಳಿಸದೆ ಓಡಿಹೋದರೆ’ ಎಂಬುದಕ್ಕೂ ಇರುವ ಅಂತರ ಹತ್ತು ವರ್ಷದ ಅಂತರ. ಅದನ್ನು ಅರೆಬರೆ ಹಿಂದಿಯಲ್ಲೋ ವಾಟ್ಸ್‌ಆ್ಯಪ್ ಫಾರ್ವರ್ಡಿನಲ್ಲೋ ತಿಳಿಯಬಾರದು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾದಾಗಲೂ ಹೀಗೇ. ಭಾಷಣ ಹಿಂದಿಯಲ್ಲಿತ್ತು, ಗಾಡಿಗಳು ಹೆದ್ದಾರಿಯಲ್ಲಿದ್ದವು. ಮನೆಯಲ್ಲಿ ಕೂತವರಿಗೆ ಕನ್ನಡದಲ್ಲಿ ವಿವರಿಸಲು ಹತ್ತು ವಾಹಿನಿಗಳಿದ್ದವು.

ಹೆದ್ದಾರಿಯವರಷ್ಟೇ ಅಲ್ಲ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಬೌದ್ಧ ಧಮ್ಮ ಸ್ವೀಕರಿಸಿದ ದೀಕ್ಷಾಭೂಮಿಗೆ ಕಲಬುರಗಿ, ಬೀದರ್ ಕಡೆಯಿಂದ ಬಸ್ಸು ಟೆಂಪೊಗಳಲ್ಲಿ ಬಂದು, ಗಾಡಿಯ ಪಕ್ಕದಲ್ಲೇ ಅಡುಗೆ ಮಾಡಿಕೊಂಡು, ಅಲ್ಲೇ ಮಲಗಿ ಹೋಗುವವರಿದ್ದಾರೆ. ಅವರೂ ಗಾಲಿಯ ಮೇಲಿನ ಮನೆಯವರೇ.

ವಿಚಿತ್ರವೆಂದರೆ ಇದೇ ದೇಶ ಇದಕ್ಕಿಂತ ಕಷ್ಟದ ಕೆಲಸವನ್ನು ಐವತ್ತು ವರ್ಷದ ಹಿಂದೆ ಮಾಡಿ ತೋರಿಸಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೊಂದು ಟಿವಿ, ಕನ್ನಡದಲ್ಲಿ ಕಾರ್ಯಕ್ರಮ. ಒಂದೇ ಚಿತ್ರಕ್ಕೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲವೂ ಅದರಲ್ಲಿತ್ತು. ಅದಕ್ಕಾಗಿ ನಾಸಾದ ಎಟಿಎಸ್-6 ಉಪಗ್ರಹವನ್ನೇ ಅಮೆರಿಕದ ಕಡೆಯಿಂದ ಸರಿಸಿ ಆಫ್ರಿಕಾದ ನೆತ್ತಿಗೆ ತಂದು ನಿಲ್ಲಿಸಲಾಗಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ರಾಯಚೂರಿನ ಹಳ್ಳಿಗೆ ಕನ್ನಡ ಟಿವಿ ಬಂತೆಂದರೆ, ಬೇಡಿಕೆಯಾಗಲಿ ಜಾಹೀರಾತಾಗಲಿ ಅದನ್ನು ತರಲಿಲ್ಲ. ನೋಡುಗ ಯಾರು ಎಂಬುದನ್ನು ಮೊದಲು ತೀರ್ಮಾನಿಸಿ ಆಮೇಲೆ ಯಂತ್ರ ಕಟ್ಟಿದರು.

ಈಗ ಹೊಸ ಯಂತ್ರವೊಂದು ಬರುತ್ತಿದೆ. ಸಿಮ್, ಡೇಟಾ ಇಲ್ಲದೆ ನೇರ ಮೊಬೈಲಿಗೆ ಟಿವಿ ಕಳಿಸುವ ಡಿ2ಎಂ. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಮತ್ತು ಕಾನ್ಪುರದ ಐಐಟಿ ಅದರ ಹಿಂದಿವೆ. 2016ರಲ್ಲಿ ದೂರದರ್ಶನ 16 ನಗರಗಳಲ್ಲಿ ಇಂಥದೇ ಆಸೆ ಹುಟ್ಟಿಸಿ ಡಿಜಿಟಲ್ ಗೋಪುರ ಪ್ರಸಾರ ಶುರು ಮಾಡಿತ್ತು. ಓಡುವ ಬಸ್ಸಿನಲ್ಲೂ ಹಿಡಿಯಬಲ್ಲ ತಂತ್ರ ಅದು. ಜನರ ಕೈಗೆ ಅಗ್ಗದ ರಿಸೀವರ್ ತಲುಪಲೇ ಇಲ್ಲ, ಪ್ರಸಾರ ಗಾಳಿಯಲ್ಲೇ ಉಳಿಯಿತು. ಹಳೆಯ ಅನಲಾಗ್ ಗೋಪುರಗಳನ್ನೂ ಗಡಿ ಪ್ರದೇಶದ ಕೆಲವನ್ನು ಬಿಟ್ಟು ಮುಚ್ಚಿದ್ದಾಯಿತು. ಡಿ2ಎಂ ಕೂಡ ಗೋಪುರದಿಂದಲೇ ಬರುವಂಥದು. ಗೋಪುರಕ್ಕೆ ಊರಿದೆ, ಊರಿಗೆ ರಾಜ್ಯವಿದೆ. ನಾಗಪುರದ ಗೋಪುರ ಮರಾಠಿಯನ್ನೂ ಹಿಂದಿಯನ್ನೂ ಕಳಿಸುತ್ತದೆ. ಮರಾಠಿಗೆ ಅಲ್ಲಿ ಮೊದಲ ಹಕ್ಕು, ಆ ಬಗ್ಗೆ ಜಗಳವಿಲ್ಲ. ಆದರೆ ಗೋಪುರದ ಜಾಗ ಹಂಚುವ ನಿಯಮ ಇನ್ನೂ ಬರೆಯುವ ಹಂತದಲ್ಲಿರುವಾಗಲೇ ಹಾದುಹೋಗುವವರ ಭಾಷೆಯ ಪ್ರಶ್ನೆ ಎತ್ತಬೇಕು. ಕನಿಷ್ಠ ಧ್ವನಿಯ ಜಾಡುಗಳಾದರೂ ಹಲವಿರಲಿ. 1975ರಲ್ಲಿ ಎರಡಿದ್ದವು.

ಉಪಗ್ರಹದ ಮಟ್ಟಿಗೆ ಕೇಳಬೇಕಾದ್ದು ಇನ್ನೂ ಸರಳ. ಫ್ರೀ ಡಿಶ್ಶಿನಲ್ಲಿ ಪ್ರತಿ ಪರಿಚ್ಛೇದಿತ ಭಾಷೆಗೆ ಹರಾಜಿನ ಹೊರಗೆ, ಒಂದಕ್ಕಿಂತ ಹೆಚ್ಚು ಜಾಗ. ಅದರಲ್ಲಿ ಒಂದು ಸುದ್ದಿಗೆ. ಸರ್ಕಾರಿ ತೈಲ ಕಂಪನಿಗಳು ಬಂಕುಗಳಲ್ಲಿ ಲಾರಿಯವರಿಗೆಂದು ಕಟ್ಟುತ್ತಿರುವ ‘ಅಪ್ನಾ ಘರ್’ ತಂಗುದಾಣಗಳಲ್ಲಿ ಟಿವಿ ಇಡುವುದಾದರೆ, ಯಾವ ವಾಹಿನಿ ಎಂಬುದನ್ನು ಮಲಗುವವರು ತೀರ್ಮಾನಿಸುವಂಥ ಸಂಪರ್ಕ. ಇವಕ್ಕಾಗಿ ದೆಹಲಿಗೆ ಬರೆಯಬೇಕಾದ್ದು ಕರ್ನಾಟಕ ಸರ್ಕಾರ. ಅದು ಹೊರನಾಡ ಕನ್ನಡಿಗರೆಂದರೆ ಸಂಘದ ಕಟ್ಟಡ, ನವೆಂಬರಿನ ಶಾಲು ಎಂದುಕೊಂಡಿದೆ. ಲಾರಿಯವನು ಯಾವ ಸಂಘದ ಸದಸ್ಯನೂ ಅಲ್ಲ. ಒಳನಾಡಿನವನೂ ಅಲ್ಲದ, ಹೊರನಾಡಿನವನೂ ಅಲ್ಲದ ಅವನಿಗೆ ನಮ್ಮ ಭಾಷಾ ಇಲಾಖೆಗಳಲ್ಲಿ ಕಡತವೇ ಇಲ್ಲ.

ನಾಗಪುರ ದಾಟಿ ಉತ್ತರಕ್ಕೆ ಹಳೆಯ 7ನೇ ಹೆದ್ದಾರಿಯ ಜಾಡು ಹಿಡಿದರೆ ಜಬಲ್ಪುರ, ಕಟನಿ, ಆಮೇಲೆ ಮೈಹರ್. ಅದರ ಸಮೀಪ ಜುರಾ ಎಂಬ ಹಳ್ಳಿ. ಮಳಖೇಡದ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ 10ನೇ ಶತಮಾನದ ಶಾಸನ ಅಲ್ಲಿ ಸಿಕ್ಕಿತು. ಮಧ್ಯಪ್ರದೇಶದಲ್ಲಿ, ಕಲ್ಲಿನ ಮೇಲೆ, ಕನ್ನಡದಲ್ಲಿ. ಅದರ ಮುಂದೆ ಗಾಡಿ ನಿಲ್ಲಿಸಿ ಎಷ್ಟು ಜನ ಓದಿದರೋ ಗೊತ್ತಿಲ್ಲ. ಅದೇ ದಾರಿಯಲ್ಲಿ ಇವತ್ತು ಕೆಎ ನಂಬರಿನ ಲಾರಿ ಹೋಗುತ್ತಿದೆ. ಕ್ಯಾಬಿನ್ನಿನ ಮೇಲೆ ಹಗ್ಗದಿಂದ ಬಿಗಿದ ಡಿಶ್ಶು ಇದ್ದರೆ, ರಾತ್ರಿ ಅದನ್ನು ಇಳಿಸಿ ಆಗ್ನೇಯಕ್ಕೆ ತಿರುಗಿಸಿ ಇಡುತ್ತಾರೆ.