ಕಾಣಲಿಲ್ಲವೆಂದರೆ ಇಲ್ಲವೆಂದೇ?

ನಮ್ಮ ಗೋಕಾವಿ ನಾಡಿನಲ್ಲಿ ಹೊಟ್ಟೆನೋವೆಂದು ದವಾಖಾನೆಯ ಮೆಟ್ಟಿಲು ಹತ್ತಿದವರಲ್ಲಿ ‘ಸ್ಕ್ಯಾನಿಂಗ್’ ಮಾಡಿಸದೆ ಇಳಿದವರು ಈಗ ವಿರಳ. ಮೂಡಲಗಿಯವರಿರಲಿ, ಹುಕ್ಕೇರಿಯವರಿರಲಿ, ಬಗಲಲ್ಲಿ ಒಂದು ದೊಡ್ಡ ಲಕೋಟೆ ಇದ್ದೇ ಇರುತ್ತದೆ. ಅದರೊಳಗಿನ ಕಪ್ಪು-ಬಿಳುಪು ಚಿತ್ರವನ್ನು ನಾವು ಫೋಟೋ ಎಂದೇ ನಂಬಿದ್ದೇವೆ. ಈ ನಂಬಿಕೆಯ ವಿಷಯವಾಗಿ ಎರಡು ಮಾತು ಹೇಳಬೇಕೆನಿಸಿದೆ.

ಅದು ಫೋಟೋ ಅಲ್ಲ, ಪ್ರತಿಧ್ವನಿಯ ನಕಾಶೆ. ಸೆಕೆಂಡಿಗೆ 20,000 ಕಂಪನಗಳಾಚೆಯ ಧ್ವನಿ ಮನುಷ್ಯನ ಕಿವಿಗೆ ಕೇಳಿಸದು. ಈ ಯಂತ್ರವಾದರೋ ಹತ್ತಾರು ಲಕ್ಷ ಕಂಪನಗಳ ಧ್ವನಿಯನ್ನು ಒಡಲೊಳಗೆ ಕಳಿಸಿ, ಮರಳಿ ಬಂದುದನ್ನು ಬೆಳಕಿನ ಚುಕ್ಕೆಗಳಾಗಿ ಬರೆಯುತ್ತದೆ. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡರು ಸಂಗಡಿಗರೊಡನೆ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದಂದಿನಿಂದ ಯಂತ್ರ ಬಹಳ ಸುಧಾರಿಸಿದೆ. ಓದುವ ಕಷ್ಟ ಮಾತ್ರ ಉಳಿದೇ ಇದೆ. ತುಂಬಿದ ಮೂತ್ರಕೋಶ ಕಪ್ಪಗೆ ಕಾಣುತ್ತದೆ. ಪಿತ್ತಕೋಶದ ಹರಳು ಬೆಳ್ಳಗೆ ಹೊಳೆದು ತನ್ನ ಹಿಂದೆ ಕರಿನೆರಳು ಚೆಲ್ಲುತ್ತದೆ. ಆ ನೆರಳೇ ಡಾಕ್ಟರರಿಗೆ ಗುರುತು. ಕರುಳಿನ ವಾಯುವೋ ಧ್ವನಿಯನ್ನು ಮುಂದೆ ಹೋಗಗೊಡದು. ಅದರ ಹಿಂದೆ ಏನಿದ್ದರೂ ಮರೆ. ಅದಕ್ಕೆಂದೇ ಡಾಕ್ಟರರು ಉಪಕರಣವನ್ನು ಒತ್ತಿ, ಓರೆಮಾಡಿ, ರೋಗಿಯನ್ನು ಮಗ್ಗುಲಾಗಿಸಿ ನೋಡುತ್ತಾರೆ. ನೋಡುವ ಕೆಲಸವೆಲ್ಲ ಅಲ್ಲಿಯೇ ಆಗುತ್ತದೆ. ಲಕೋಟೆಯಲ್ಲಿ ಬರುವುದು ಅದರ ಒಂದೆರಡು ಕ್ಷಣ ಮಾತ್ರ.

2023ರ ಮಳೆಗಾಲದಲ್ಲಿ ಮೂಡಲಗಿಯ ನನ್ನ ಸೋದರಮಾವನವರಿಗೆ ಬಲಗಡೆಯ ಕಿಬ್ಬೊಟ್ಟೆಯಲ್ಲಿ ನೋವು ಕಾಣಿಸಿತು. ಗೋಕಾಕಕ್ಕೆ ಕರೆತಂದು ಸ್ಕ್ಯಾನಿಂಗ್ ಮಾಡಿಸಿದೆವು. ಅಪೆಂಡಿಕ್ಸ್ ಕಾಣಲಿಲ್ಲವೆಂದು ವರದಿಯಲ್ಲಿ ಬರೆದಿತ್ತು. ಇಂಗ್ಲಿಷ್ ಬಲ್ಲೆನೆಂಬ ಜಂಬದಿಂದ ಅದನ್ನು ಓದಿದವನು ನಾನೇ. “ಏನೂ ಇಲ್ಲಂತ್ರಿ ಮಾವಾ, ನಡೀರಿ ಊರಿಗೆ” ಎಂದೆ. ಬಸ್ಸಿನ ಹೊತ್ತಾಗಿತ್ತು, ಚೀಟಿ ಬರೆದ ಡಾಕ್ಟರರಿಗೆ ವರದಿಯನ್ನು ತೋರಿಸಲೂ ಇಲ್ಲ. ಮರುದಿನ ರಾತ್ರಿ ಜ್ವರವೇರಿತು. ಮತ್ತೆ ಗೋಕಾಕಕ್ಕೆ ಓಡಿದೆವು. ಹಿರಿಯ ಡಾಕ್ಟರೊಬ್ಬರು ಲಕೋಟೆಯನ್ನು ಬದಿಗಿಟ್ಟು, ಹೊಟ್ಟೆಯನ್ನು ಮೆಲ್ಲನೆ ಒತ್ತಿ ತಟ್ಟನೆ ಕೈಬಿಟ್ಟರು, ಮಾವ ಚೀರಿದರು. ಶಸ್ತ್ರಕ್ರಿಯೆ ಮಾಡಿದಾಗ ಅಪೆಂಡಿಕ್ಸ್ ಒಡೆದಿತ್ತು. ಜೀವ ಉಳಿದದ್ದು ಪುಣ್ಯ. ವರದಿ ಬರೆದವರು ಸುಳ್ಳು ಬರೆದಿರಲಿಲ್ಲ. ಅವರಿಗೆ ಕಾಣಲಿಲ್ಲ, ಹಾಗೆಂದೇ ಬರೆದರು. ‘ಕಾಣಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಿದ ತಪ್ಪು ನನ್ನದು.

ಡಾಕ್ಟರರಲ್ಲಿಯೂ ಒಂದು ವಿನಂತಿಯಿದೆ. ಎಷ್ಟೋ ಚೀಟಿಗಳಲ್ಲಿ ‘ಹೊಟ್ಟೆ ಸ್ಕ್ಯಾನಿಂಗ್’ ಎಂದಷ್ಟೇ ಇರುತ್ತದೆ. ನೋವು ಎಲ್ಲಿ, ಎಷ್ಟು ದಿನದಿಂದ, ಸಂಶಯ ಯಾವುದು ಎಂದು ಬರೆದರೆ ನೋಡುವವರು ಆ ಜಾಗದಲ್ಲಿ ಇನ್ನಷ್ಟು ಹೊತ್ತು ಹುಡುಕಿಯಾರು. ರೋಗಲಕ್ಷಣಗಳೊಡನೆ ಹೋಲಿಸಿ ನೋಡಿರೆಂಬ ಇಂಗ್ಲಿಷ್ ವಾಕ್ಯವೊಂದು ವರದಿಯ ಕೊನೆಗೆ ಸಾಮಾನ್ಯವಾಗಿ ಇರುತ್ತದೆ, ನಮ್ಮವರಲ್ಲಿ ಓದುವವರಾರು? ಗರ್ಭದ ಮಗು ಗಂಡೋ ಹೆಣ್ಣೋ ಹೇಳುವುದು 1994ರ ಕಾಯ್ದೆಯಂತೆ ಅಪರಾಧವೆಂಬ ಫಲಕವನ್ನು ಸ್ಕ್ಯಾನಿಂಗ್ ಕೇಂದ್ರದವರು ಕನ್ನಡದಲ್ಲಿಯೂ ತೂಗುಹಾಕಬೇಕು. ಅದರ ಪಕ್ಕದಲ್ಲಿಯೇ, ‘ಕಾಣದಿದ್ದರೂ ಇರಬಹುದು, ವರದಿಯನ್ನು ನಿಮ್ಮ ಡಾಕ್ಟರರಿಗೆ ತೋರಿಸದೆ ಊರಿಗೆ ಹೋಗಬೇಡಿರಿ’ ಎಂದು ಇನ್ನೊಂದು ಹಲಗೆ ಹಾಕಿಸಲು ಎಷ್ಟು ಖರ್ಚಾದೀತು?